ಮೀನು ತಿನ್ನದವರಿಗೂ ಒಂದು ತಟ್ಟೆ: ನಂಬಿಕೆಯಲ್ಲಿ ಅಳುಕುವವರನ್ನು ವಾದವಿಲ್ಲದೆ ಸೇರಿಸಿಕೊಳ್ಳುವುದು ಹೇಗೆ

ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಡು, ವಾಕ್ಯ, ಪ್ರಾರ್ಥನೆ ಮುಗಿಯುವವರೆಗೆ ಎಲ್ಲ ಚೆನ್ನಾಗಿರುತ್ತದೆ. ಊಟಕ್ಕೆ ಕೂತ ಮೇಲೆ ಶುರು. ಒಬ್ಬರು ಇವತ್ತು ಶುಕ್ರವಾರ, ಕೋಳಿ ಬೇಡ ಅನ್ನುತ್ತಾರೆ. ಇನ್ನೊಬ್ಬರು ಶೆಟ್ಲಿ (ಸಿಗಡಿ) ಮುಟ್ಟುವುದಿಲ್ಲ. ಮತ್ತೊಬ್ಬರು ಪಕ್ಕದ ಮನೆಯ ಚೌತಿ ಮೋದಕ ತಿಂದು ಬಂದದ್ದನ್ನು ನಗುತ್ತಾ ಹೇಳುತ್ತಾರೆ, ಅದನ್ನು ಕೇಳಿ ಮೂಲೆಯಲ್ಲಿ ಕೂತವರ ಮುಖ ಸಣ್ಣಗಾಗುತ್ತದೆ. ಆಮೇಲೆ ಯಾರೋ ಒಬ್ಬರು "ಬೈಬಲ್‌ನಲ್ಲಿ ಎಲ್ಲಿದೆ, ತೋರಿಸಿ ನೋಡುವ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಮುಂದಿನ ವಾರ ಒಂದು ಚಾಪೆ ಕಡಿಮೆ ಹಾಸಿದರೆ ಸಾಕು.

ಕಾರವಾರದ ಕಡೆ ಇದು ಸ್ವಲ್ಪ ಜಾಸ್ತಿಯೇ, ಯಾಕೆಂದರೆ ಇಲ್ಲಿ ಒಂದು ಕೋಣೆಯಲ್ಲಿ ಕೂತವರು ಒಂದೇ ಕಡೆಯಿಂದ ಬಂದವರಲ್ಲ. ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆತನದವರು ಇದ್ದಾರೆ. ನೌಕಾನೆಲೆಗೂ ಕೈಗಾ ಅಣುಸ್ಥಾವರಕ್ಕೂ ಕೆಲಸಕ್ಕೆ ಬಂದ ತಮಿಳು, ತೆಲುಗು, ಮಲಯಾಳ ಸಂಸಾರಗಳಿವೆ, ಅವರವರ ಊರಿನ ಸಭೆಯ ಪದ್ಧತಿ ಅವರ ಜೊತೆಗೇ ಬಂದಿದೆ. ಘಟ್ಟದ ಮೇಲಿನ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಮದುವೆಯಾಗಿ ಬಂದವರು, ಮಾಂಸ ಮೀನು ಕಾಣದ ಮನೆಯಲ್ಲಿ ಬೆಳೆದವರು, ಪೆಂತೆಕೊಸ್ತ್ ಸಭೆಯಲ್ಲಿ ಬೆಳೆದು ಬಳೆ ಓಲೆ ಹಾಕದವರು, ಎಲ್ಲರೂ ಒಂದೇ ತಟ್ಟೆ ರಾಶಿಯಿಂದ ತಟ್ಟೆ ಎತ್ತಿಕೊಳ್ಳಬೇಕು. ಇವರನ್ನೆಲ್ಲ ಸೇರಿಸಿಕೊಂಡು ಹೋಗುವುದಕ್ಕೆ ಒಂದು ದಾರಿ ಇದೆ, ಅದು ಹೊಸದೂ ಅಲ್ಲ. ನಾನು ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಮನೆ ತೆರೆದು ಕೂಟ ನಡೆಸುವವರಿಗೆ, ಅಡುಗೆ ಮಾಡಿ ಬಡಿಸುವವರಿಗೆ.

ಮೊದಲು ಅಧ್ಯಾಯ ಇಡೀ ಓದಿ

ಬೈಬಲ್‌ನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಿಂದ 15ನೇ ಅಧ್ಯಾಯದ 7ನೇ ವಚನದವರೆಗೆ ಒಂದೇ ಸಲ ಕೂತು ಓದಿ. ಒಂದೊಂದೇ ವಚನ ಕಿತ್ತು ಓದಿದರೆ ಇದು ಕೈಗೆ ಹತ್ತುವುದಿಲ್ಲ, ಎದುರಿನವರ ಬಾಯಿ ಮುಚ್ಚಿಸಲು ಮಾತ್ರ ಉಪಯೋಗಕ್ಕೆ ಬರುತ್ತದೆ.

ಪೌಲ ಇದನ್ನು ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ, ಕೊರಿಂಥದಲ್ಲಿ ಗಾಯ ಅನ್ನುವವನ ಮನೆಯಲ್ಲಿ ಉಳಿದುಕೊಂಡಿದ್ದಾಗ. ಅದಕ್ಕಿಂತ ಮುಂಚೆ, ಸಾಮಾನ್ಯವಾಗಿ 49 ಅಂತ ಲೆಕ್ಕ ಹಾಕುತ್ತಾರೆ, ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನೆಲ್ಲ ರೋಮ್ ಬಿಟ್ಟು ಹೊರಡಿ ಅಂತ ಅಪ್ಪಣೆ ಮಾಡಿದ್ದ. ಹಾಗೆ ಊರು ಬಿಟ್ಟವರಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯೂ ಇದ್ದರು. ಅವರ ಕಥೆ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿ ಸಿಗುತ್ತದೆ. 54ರಲ್ಲಿ ಕ್ಲೌದ್ಯ ಸತ್ತ. ಹೋದವರು ಒಬ್ಬೊಬ್ಬರಾಗಿ ವಾಪಸು ಬಂದರು. ಬಂದು ನೋಡಿದರೆ ತಾವು ಇಲ್ಲದಿದ್ದ ಆ ವರ್ಷಗಳಲ್ಲಿ ಸಭೆಯ ರೀತಿ ನೀತಿ ಎಲ್ಲ ಯೆಹೂದ್ಯರಲ್ಲದವರ ಕೈಯಲ್ಲಿ ಬೇರೆಯಾಗಿ ಹೋಗಿತ್ತು. ಜಗಳಕ್ಕೆ ಇದೇ ಕಾರಣ ಅಂತ ತುಂಬ ವಿದ್ವಾಂಸರು ಹೇಳುತ್ತಾರೆ, ನನಗೂ ಸರಿ ಅನ್ನಿಸುತ್ತದೆ. ಒಂದು ಕಡೆ ಪೇಟೆಯ ಮಾಂಸ ವಿಗ್ರಹಕ್ಕೆ ಅರ್ಪಿಸಿದ್ದೋ ಏನೋ ಅಂತ ಹೆದರಿ ಬರೀ ಕಾಯಿಪಲ್ಯ ತಿನ್ನುವವರು, ವಿಶೇಷ ದಿನಗಳನ್ನು ಬಿಡದೆ ಪಾಲಿಸುವವರು. ಇನ್ನೊಂದು ಕಡೆ ಎಲ್ಲ ತಿನ್ನುವವರು, ಎಲ್ಲ ದಿನವೂ ಒಂದೇ ಅನ್ನುವವರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನಂಬಿಕೆಯಲ್ಲಿ ಬಲ ಸಾಲದವರು ಅಂತ ಪೌಲ ಹೇಳಿದ್ದು ಸಭೆಗೆ ಬಾರದವರ ಬಗ್ಗೆ ಅಲ್ಲ, ಪ್ರಾರ್ಥನೆ ಮಾಡದವರ ಬಗ್ಗೆಯೂ ಅಲ್ಲ. ಹಾಗೆ ನೋಡಿದರೆ ಈ ಬಲ ಸಾಲದವರೇ ಜಾಸ್ತಿ ಕಟ್ಟುನಿಟ್ಟು. ಇದನ್ನು ತಿಂದರೆ ದೇವರಿಗೆ ದ್ರೋಹ ಆದೀತು ಅನ್ನುವ ಅಳುಕು ಅವರಿಗೆ. ಹಾಗಾಗಿ ನಮ್ಮ ಕೂಟದಲ್ಲಿ ಯಾರು ಬಲವಂತರು, ಯಾರು ಅಲ್ಲ ಅಂತ ಮೊದಲೇ ತೀರ್ಮಾನ ಮಾಡಿಟ್ಟುಕೊಂಡರೆ ಅದು ತಲೆಕೆಳಗಾಗಿರುವ ಸಾಧ್ಯತೆ ಇದೆ. ವರ್ಷಗಟ್ಟಲೆ ಒಂದು ವಾರವೂ ತಪ್ಪಿಸದೆ ಬರುವ ಹಿರಿಯರೇ ಆ ಪಟ್ಟಿಯಲ್ಲಿ ಇರಬಹುದು.

ಇನ್ನೂ ಒಂದು. ಪೌಲ ತಪ್ಪು ಹಿಡಿದದ್ದು ಇಬ್ಬರಲ್ಲೂ, ಬೇರೆ ಬೇರೆ ತಪ್ಪು. ತಿನ್ನುವವನು ತಿನ್ನದವನನ್ನು ಹೀನಾಯ ಮಾಡುತ್ತಾನೆ. ತಿನ್ನದವನು ತಿನ್ನುವವನಿಗೆ ತೀರ್ಪು ಕೊಡುತ್ತಾನೆ. ನಗೆ ಒಂದು ಕಡೆ, ಗಂಟುಮುಖ ಇನ್ನೊಂದು ಕಡೆ. ಯಾವ ಊರಿನ ಕೂಟಕ್ಕೆ ಹೋದರೂ ಇವೆರಡು ಸಿಗುತ್ತವೆ.

ಅಡುಗೆಮನೆಯಿಂದ ಶುರು ಮಾಡಿ

ಸ್ವಾಗತ ಅಂದರೆ ಬಾಗಿಲಲ್ಲಿ ಕೈ ಕುಲುಕುವುದು ಅಂತ ಅಂದುಕೊಂಡಿದ್ದೇವೆ. ನಮ್ಮ ಕರಾವಳಿಯಲ್ಲಿ ಅದು ನಿಜವಾಗಿ ಇರುವುದು ಒಲೆಯ ಹತ್ತಿರ. ಮೀನು ತಿನ್ನದವರು ಬರುತ್ತಾರೆ ಅಂತ ಗೊತ್ತಾದರೆ ಈ ಕೆಲವು ಕೆಲಸ ಮೊದಲೇ ಮಾಡಿಡಿ.

ತರಕಾರಿ ಪಲ್ಯಕ್ಕೆ ಒಣ ಶೆಟ್ಲಿ ಹಾಕುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಇದೆ. ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. "ಬರೀ ಪಲ್ಯ ಅಕ್ಕ, ತಿನ್ನಿ" ಅಂತ ಬಡಿಸಿ, ಅವರು ಎರಡು ತುತ್ತು ತಿಂದ ಮೇಲೆ ಬಾಯಿಗೆ ಶೆಟ್ಲಿ ತಲೆ ಸಿಕ್ಕರೆ ಆ ಮನುಷ್ಯ ಮತ್ತೆ ನಿಮ್ಮ ಮನೆಯಲ್ಲಿ ನೆಮ್ಮದಿಯಿಂದ ಉಣ್ಣುವುದಿಲ್ಲ. ಮೀನು ಕರಿದ ಎಣ್ಣೆಯಲ್ಲೇ ಹಪ್ಪಳ ಕರಿಯುವುದೂ ಹಾಗೇ. ನಮಗೆ ಅದು ಲೆಕ್ಕಕ್ಕೇ ಬಾರದ ಸಂಗತಿ, ಅವರಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಹಪ್ಪಳ ಮೊದಲು ಕರಿದಿಡಿ, ಬಂಗಡೆ ಆಮೇಲೆ. ಸೌಟು ಬೇರೆ ಇಡಿ, ಅದಕ್ಕೆ ಒಂದು ದಾರ ಕಟ್ಟಿದರೆ ಬಡಿಸುವ ಹುಡುಗರಿಗೆ ಗುರುತು ಸಿಗುತ್ತದೆ. ಹರಿವೆ ಸೊಪ್ಪಿನ ಪಲ್ಯ, ಮುರುಗಲು ಸಾರು, ಒಂದು ತಂಬುಳಿ ಇದ್ದರೆ ಆಯಿತು. ಖರ್ಚು ಏನೂ ಇಲ್ಲ.

ಇದನ್ನೆಲ್ಲ ಮಾಡಿ ಅದನ್ನು ಸಾರಬೇಡಿ. ಇದು ಮುಖ್ಯ. "ಇವರಿಗೋಸ್ಕರ ಸ್ಪೆಷಲ್ಲಾಗಿ ಬೇರೆ ಮಾಡಿದ್ದೇವೆ" ಅಂತ ನಾಲ್ಕು ಜನರ ಮುಂದೆ ಹೇಳಿದರೆ ಅವರು ತಿನ್ನುವ ಪ್ರತಿ ತುತ್ತಿಗೂ ನಾಲ್ಕು ಜೊತೆ ಕಣ್ಣು ಬೀಳುತ್ತದೆ. ಒಂದು ಮನೆಯಲ್ಲಿ ಇದನ್ನು ಬಹಳ ಚೆನ್ನಾಗಿ ನಿಭಾಯಿಸಿದ್ದನ್ನು ನೋಡಿದ್ದೇನೆ. ಸಸ್ಯಾಹಾರಿ ಮನೆಯಿಂದ ಬಂದ ಹೊಸ ಸೊಸೆ, "ಅಕ್ಕಾ, ನಂಗೆ ಸುಮ್ನೆ ಮಜ್ಜಿಗೆ ಅನ್ನ ಸಾಕು" ಅಂದಳು. ಮನೆಯ ಅಕ್ಕ ತಿರುಗಿಯೂ ನೋಡದೆ "ಮಜ್ಜಿಗೆ ಕೊನೆಗೆ ಹಾಕಿಕೋ ಮಾರಾಯ್ತಿ, ಆ ಕಡೆ ತುದಿಯ ಪಾತ್ರೆಯಿಂದ ಶುರು ಮಾಡು" ಅಂದರು. ಅಷ್ಟೇ. ತುದಿಯ ಮೂರು ಪಾತ್ರೆಗೆ ಮೀನು ತಾಗಿರಲಿಲ್ಲ. ಆಮೇಲೆ ಎಲ್ಲರೂ ಆ ಪಾತ್ರೆಗಳಿಂದಲೂ ಬಡಿಸಿಕೊಂಡರು, ಯಾರಿಗೂ ಅದು ಸುದ್ದಿಯೇ ಆಗಲಿಲ್ಲ.

ಎಲ್ಲರೂ ಮೀನು ಬಿಟ್ಟುಬಿಡಬೇಕಾ? ಬೇಡ. ಪೌಲ ಹೇಳಿದ್ದು ನಿನ್ನ ಊಟದಿಂದ ನಿನ್ನ ಸಹೋದರ ಎಡವುವ ಹಾಗೆ ಆಗಬಾರದು ಅಂತ. ಪಕ್ಕದಲ್ಲಿ ಬಂಗಡೆ ಇದ್ದದ್ದಕ್ಕೆ ಅವರಿಗೆ ಹೇಸಿಗೆ ಆದರೆ ಅದು ಬೇರೆ ವಿಷಯ, ಚಾಪೆ ಸ್ವಲ್ಪ ದೂರ ಹಾಕಿದರೆ ಮುಗಿಯಿತು. ನೀವು ಒತ್ತಾಯ ಮಾಡಿ, ಅವರು ಸಂಕೋಚಕ್ಕೆ ತಿಂದು, ಮನೆಗೆ ಹೋಗಿ ರಾತ್ರಿಯಿಡೀ ತಪ್ಪು ಮಾಡಿದೆ ಅಂತ ಕೊರಗಿದರೆ ಅದು ಎಡವುವುದು. ಅನುಮಾನ ಇಟ್ಟುಕೊಂಡು ತಿಂದರೆ ಅದು ಪಾಪವೇ ಅಂತ 23ನೇ ವಚನದಲ್ಲಿದೆ. ಊಟ ತಪ್ಪಲ್ಲದಿದ್ದರೂ ಅವರ ಮನಸ್ಸಿಗೆ ವಿರುದ್ಧವಾಗಿ ಅವರನ್ನು ನಡೆಸಿದ್ದು ತಪ್ಪು. "ಒಂದು ಪೀಸ್ ತಿನ್ನಿ, ಏನಾಗಲ್ಲ" ಅನ್ನುವ ಮಾತು ಎಷ್ಟು ಪ್ರೀತಿಯಿಂದ ಬಂದರೂ ಅದನ್ನು ಬಾಯಿಯಿಂದ ತೆಗೆದುಹಾಕಿ.

(ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್ ನಿಂತಾಗ ಹೇಗೂ ಒಳ್ಳೆಯ ಮೀನು ಸಿಗುವುದು ಕಷ್ಟ. ಕೂಟದಲ್ಲಿ ಊಟದ ಜಗಳ ಕಡಿಮೆ ಇರುವ ಕಾಲ ಅದೇ ಇರಬೇಕು.)

ಶೆಟ್ಲಿ, ಏಡಿ ತಿನ್ನದವರ ಬಗ್ಗೆ ಒಂದು ಮಾತು. ಅಡ್ವೆಂಟಿಸ್ಟ್ ಸಭೆಯವರು ಯಾಜಕಕಾಂಡದ 11ನೇ ಅಧ್ಯಾಯ ಹಿಡಿದು ರೆಕ್ಕೆ, ಪೊರೆ ಎರಡೂ ಇರುವ ನೀರಿನ ಜೀವಿಗಳನ್ನು ಬಿಟ್ಟು ಬೇರೆ ತಿನ್ನುವುದಿಲ್ಲ. ಬಂಗಡೆ ಆಗುತ್ತದೆ, ಶೆಟ್ಲಿ, ಏಡಿ, ಚಿಪ್ಪಿ ಆಗುವುದಿಲ್ಲ. ಹಂದಿಯೂ ಇಲ್ಲ. ಅವರಲ್ಲಿ ಅನೇಕರು ಪೂರ್ತಿ ಸಸ್ಯಾಹಾರಿಗಳೇ. ಶನಿವಾರ ಅವರ ವಿಶ್ರಾಂತಿ ದಿನ, ಆವತ್ತು ಅವರನ್ನು ಪೇಟೆ ಕೆಲಸಕ್ಕೆ ಕರೆಯಬೇಡಿ. ಕ್ಯಾಥೊಲಿಕ್ ಹಿರಿಯರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸ ಇಲ್ಲ, ಮೀನು ಆಗುತ್ತದೆ. ಇವಿಷ್ಟು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಅರ್ಧ ಮುಜುಗರ ತಪ್ಪುತ್ತದೆ.

ಕೇಳುವುದು ಹೇಗೆ, ಕೇಳದಿರುವುದು ಹೇಗೆ

"ಯಾಕೆ ತಿನ್ನಲ್ಲ?" ಅಂತ ಕೇಳಬೇಡಿ. ಯಾಕೆ ಅಂದ ಕೂಡಲೇ ಅವರು ಸಮರ್ಥನೆ ಕೊಡಬೇಕಾಗುತ್ತದೆ, ಸಮರ್ಥನೆ ಕೊಟ್ಟರೆ ನಿಮಗೆ ಉತ್ತರ ಹೊಳೆಯುತ್ತದೆ, ಅಲ್ಲಿಂದ ವಾದ. "ನಿಮಗೆ ಏನು ಆಗುತ್ತದೆ ಹೇಳಿ, ಅದನ್ನು ಮಾಡುವ" ಅಂತ ಕೇಳಿ. ಅದೂ ಊಟದ ಹೊತ್ತಿಗಲ್ಲ, ಹಿಂದಿನ ದಿನ ಫೋನಿನಲ್ಲಿ.

ಬಟ್ಟೆ ಒಡವೆ ವಿಷಯದಲ್ಲಿ ಕೇಳುವುದೇ ಬೇಡ. ಹೊಸದಾಗಿ ಬರುವ ಹೆಂಗಸು ಕುಂಕುಮ ಇಟ್ಟುಕೊಂಡು, ಕರಿಮಣಿ ಹಾಕಿಕೊಂಡು, ತಲೆಗೆ ಅಬ್ಬಲಿ ಮುಡಿದು ಬರುತ್ತಾಳೆ. ಮೊದಲ ದಿನವೇ ಅವಳನ್ನು ಪಕ್ಕಕ್ಕೆ ಕರೆದು ಇದನ್ನೆಲ್ಲ ತೆಗೆಯಬೇಕಮ್ಮಾ ಅಂತ ಹೇಳುವ ಅತ್ತೆಯಂದಿರು ಪ್ರತಿ ಕೂಟದಲ್ಲೂ ಇದ್ದಾರೆ. ಆ ಕರಿಮಣಿಯ ಹಿಂದೆ ಒಂದು ಮನೆ ಇದೆ, ಗಂಡ ಇದ್ದಾನೆ, ಅತ್ತೆ ಇದ್ದಾಳೆ. ಅದನ್ನು ಬಿಚ್ಚಿ ಮನೆಗೆ ಹೋದರೆ ಅಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತಾ? ಸುಮ್ನಿರಿ. ಹಾಗೇ, ಒಡವೆ ಹಾಕದೆ ಬರುವವರನ್ನು "ಬೋಳು ಕೈ" ಅಂತ ಚುಡಾಯಿಸುವ ಹುಡುಗಿಯರಿಗೂ ಒಬ್ಬರು ಹಿರಿಯರು ಮೆಲ್ಲಗೆ ಹೇಳಬೇಕು. ಒಂದು ಗಂಟುಮುಖದ ತಪ್ಪು, ಒಂದು ನಗೆಯ ತಪ್ಪು. ಮೇಲೆ ಹೇಳಿದ್ದೇ.

ಮತ್ತೊಬ್ಬರ ಮನೆಯ ಕೆಲಸದವನಿಗೆ ತೀರ್ಪು ಕೊಡಲು ನೀನು ಯಾರು ಅಂತ 4ನೇ ವಚನದಲ್ಲಿ ಪೌಲ ಕೇಳುತ್ತಾನೆ. ಅವನು ನಿಂತರೂ ಬಿದ್ದರೂ ಅದು ಅವನ ಯಜಮಾನನಿಗೆ ಸೇರಿದ್ದು. ಪಕ್ಕದ ಬೋಟಿನ ಆಳುಗಳಿಗೆ ಬಲೆ ಹೀಗೆ ಎಳೆಯಿರಿ, ಹಾಗೆ ಎಳೆಯಿರಿ ಅಂತ ನಮ್ಮ ಬೋಟಿನಿಂದ ಕೂಗುವವನಿಗೆ ಬೋಟ್ ನಡೆಸುವ ತಾಂಡೇಲ ಏನು ಹೇಳುತ್ತಾನೆ ಅಂತ ಬಂದರಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಇಲ್ಲಿ ಬರೆಯುವ ಹಾಗಿಲ್ಲ.

ಪ್ರಸಾದ, ಜಾತ್ರೆ, ಆಯುಧ ಪೂಜೆ

ಜಾಸ್ತಿ ವಾದ ಆಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗುವ.

ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳಲ್ಲಿ ಮೂರು ಸಂದರ್ಭ ಬೇರೆ ಬೇರೆ ಇಟ್ಟಿದ್ದಾನೆ. ಪೂಜೆಯ ಊಟದಲ್ಲಿ ಪಾಲುಗಾರನಾಗಿ ಕೂರುವುದು ಒಂದು, ಅದು ಬೇಡ ಅನ್ನುತ್ತಾನೆ. ಪೇಟೆಯಲ್ಲಿ ಮಾರುವ ಮಾಂಸ ಇನ್ನೊಂದು, ಅದನ್ನು ಎಲ್ಲಿಂದ ಬಂತು ಅಂತ ವಿಚಾರಿಸದೆ ತಿನ್ನಿ ಅನ್ನುತ್ತಾನೆ. ಮೂರನೆಯದು ನೆರೆಯವರ ಮನೆ ಊಟ. ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಯಾರಾದರೂ ಇದು ಅರ್ಪಿಸಿದ್ದು ಅಂತ ಹೇಳಿದರೆ ಬಿಡಿ, ಹೇಳಿದವನ ಮನಸ್ಸಿಗೋಸ್ಕರ.

ಇದನ್ನು ನಮ್ಮ ಊರಿಗೆ ತಂದರೆ ಎಲ್ಲವೂ ಗೆರೆ ಎಳೆದ ಹಾಗೆ ಸಿಗುವುದಿಲ್ಲ, ಅದನ್ನು ಒಪ್ಪಿಕೊಳ್ಳಿ. ಚೌತಿಗೆ ಪಕ್ಕದ ಮನೆಯವರು ತಟ್ಟೆಯಲ್ಲಿ ಮೋದಕ, ಪಂಚಕಜ್ಜಾಯ ತಂದುಕೊಡುತ್ತಾರೆ. ಒಬ್ಬರು ಅದನ್ನು ನೆರೆಹೊರೆಯ ಪ್ರೀತಿ ಅಂತ ತೆಗೆದುಕೊಂಡು ದೇವರಿಗೆ ಸ್ತೋತ್ರ ಹೇಳಿ ತಿನ್ನುತ್ತಾರೆ. ಇನ್ನೊಬ್ಬರು ಕೈಯೊಡ್ಡಿ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ, ತಿನ್ನುವುದಿಲ್ಲ. ಇಬ್ಬರೂ ನಿಮ್ಮ ಕೂಟಕ್ಕೆ ಬರುತ್ತಾರೆ. ಇಬ್ಬರನ್ನೂ ಎದುರು ಬದುರು ಕೂರಿಸಿ ಯಾರು ಸರಿ ಅಂತ ಕೇಳಬೇಡಿ. ಒಂದು ಮಾತ್ರ ಇಬ್ಬರಿಗೂ ಹೇಳಬಹುದು: ಕೊಟ್ಟವರ ಮುಂದೆ ಮುಖ ಸಿಂಡರಿಸಬೇಡಿ, ಕೊಟ್ಟದ್ದನ್ನು ಅವರ ಕಣ್ಣೆದುರು ಚೆಲ್ಲಬೇಡಿ. ಕ್ರಿಸ್ಮಸ್ಸಿಗೆ ನೀವು ಕೊಟ್ಟ ನೆವರಿ, ಕೇಕ್ ತಟ್ಟೆಯನ್ನು ಅವರು ಹಾಗೆ ಮಾಡಿದರೆ ಹೇಗಿರುತ್ತದೆ?

ಶಿರಸಿಯ ಕಡೆಯವರಿಗೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಅಂಗಡಿ ಇರುವ ಕ್ರೈಸ್ತರಿಗೆ ಅದು ವ್ಯಾಪಾರದ ಕಾಲ. ಮಕ್ಕಳಿಗೆ ತೊಟ್ಟಿಲು, ಬಳೆ ಅಂಗಡಿ, ನಾಟಕ. ಜಾತ್ರೆ ಪೇಟೆಗೆ ಹೋಗಿ ಬಂದವರನ್ನು ಭಾನುವಾರ ಅನುಮಾನದ ಕಣ್ಣಿಂದ ನೋಡುವವರಿದ್ದಾರೆ, ಹೋಗದವರನ್ನು ಹಳೇ ಕಾಲದವರು ಅಂತ ನಗುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ತೊಟ್ಟಿಲು ಹತ್ತಿದ್ದಕ್ಕೆ ಯಾರ ನಂಬಿಕೆಯೂ ಕುಸಿಯುವುದಿಲ್ಲ. ಆದರೆ ಕೆಲವರು ಹಿಂದೆ ಅದೇ ಜಾತ್ರೆಯಲ್ಲಿ ಹರಕೆ ಹೊತ್ತವರು. ಅವರಿಗೆ ಆ ಡೊಳ್ಳಿನ ಶಬ್ದ ಬೇರೆಯೇ ಆಗಿ ಕೇಳುತ್ತದೆ. ಅವರನ್ನು "ಬಾ, ಸುಮ್ನೆ ಒಂದು ರೌಂಡ್" ಅಂತ ಎಳೆದುಕೊಂಡು ಹೋಗಬೇಡಿ.

ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗರಿಗೆ ಆಯುಧ ಪೂಜೆ ದಿನ ಕಷ್ಟ. ಮಾಲೀಕರು ಪೂಜೆ ಮಾಡಿಸುತ್ತಾರೆ, ಆಟೋಗೆ ಚೆಂಡುಹೂವಿನ ಮಾಲೆ ಬೀಳುತ್ತದೆ, ಚುರುಮುರಿ, ಸ್ವೀಟ್ ಬಾಕ್ಸ್ ಎಲ್ಲರಿಗೂ. ಒಬ್ಬ ಹುಡುಗ ಆವತ್ತು ಗಾಡಿ ತೊಳೆದು, ನೆಲ ಗುಡಿಸಿ, ಪೂಜೆಯ ಹೊತ್ತಿಗೆ ಹೊರಗೆ ನಿಲ್ಲುತ್ತಾನೆ. ಇನ್ನೊಬ್ಬ ಒಳಗೇ ನಿಲ್ಲುತ್ತಾನೆ, ಕೈ ಮುಗಿಯುವುದಿಲ್ಲ. ಕೂಟದಲ್ಲಿ ಕೂತು ಸಂಬಳದ ಚಿಂತೆ ಇಲ್ಲದ ನಾವು ಅವರಿಬ್ಬರಿಗೆ ಮಾರ್ಕ್ಸ್ ಹಾಕುವ ಅಗತ್ಯ ಇಲ್ಲ. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿರಲಿ ಅಂತಿದೆ ರೋಮಾಪುರದವರ ಪತ್ರದ 14ನೇ ಅಧ್ಯಾಯದ 5ನೇ ವಚನದಲ್ಲಿ. ಅದೇ ಅವರಿಗೆ ಬೇಕಾದ ಸಹಾಯ: ಯೋಚಿಸಲು ಜಾಗ.

ಕುಡಿತದ ವಿಷಯ ಬೇರೆ

ಗೋವಾ ಗಡಿ ಮಾಜಾಳಿ ದಾಟಿದರೆ ಆಯಿತು. ನಮ್ಮಲ್ಲಿ ಮದುವೆ, ಹಬ್ಬಕ್ಕೆ ಗ್ಲಾಸು ಹಿಡಿಯುವುದು ಅನೇಕ ಮನೆಗಳಲ್ಲಿ ಮಾಮೂಲು, ಇನ್ನು ಕೆಲವು ಸಭೆಗಳಲ್ಲಿ ಅದರ ಹೆಸರು ಎತ್ತುವಂತಿಲ್ಲ. ಪೌಲ ದ್ರಾಕ್ಷಾರಸವನ್ನೂ ಇದೇ ಅಧ್ಯಾಯದ 21ನೇ ವಚನದಲ್ಲಿ ಸೇರಿಸಿದ್ದಾನೆ, ಸಹೋದರ ಎಡವುವುದಾದರೆ ಕುಡಿಯದಿರುವುದು ಒಳ್ಳೆಯದು ಅಂತ. ಇಲ್ಲಿ ನಾನು ಸ್ವಲ್ಪ ಬಿಗಿ. ಮೀನಿನ ವಿಷಯದಲ್ಲಿ ಎರಡೂ ಪಾತ್ರೆ ಇರಲಿ ಅಂದೆ. ಕೂಟದ ಮನೆಯಲ್ಲಿ ಬಾಟಲಿ ಮಾತ್ರ ಬೇಡವೇ ಬೇಡ. ಕುಡಿತ ಬಿಟ್ಟು ತಿಂಗಳೂ ಆಗದ ಒಬ್ಬ ಮನುಷ್ಯ ಅಲ್ಲಿ ಕೂತಿರಬಹುದು, ಅವನು ಅದನ್ನು ಯಾರಿಗೂ ಹೇಳಿರುವುದಿಲ್ಲ. ಮದುವೆ ಕೇಕಿಗೆ ರಮ್ ಹಾಕಿದ್ದರೆ ಹಾಕಿದೆ ಅಂತ ಒಂದು ಚೀಟಿ ಇಡಿ. ತಿನ್ನುವವರು ತಿನ್ನುತ್ತಾರೆ.

ಎಲ್ಲಿ ಬಗ್ಗಬಾರದು

ಎಲ್ಲವನ್ನೂ "ಅವರವರ ನಂಬಿಕೆ" ಅಂತ ಬಿಟ್ಟುಬಿಡಲು ಈ ಅಧ್ಯಾಯ ಪರವಾನಗಿ ಅಲ್ಲ. ಇದನ್ನು ಬರೆದ ಪೌಲನೇ ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡವನು. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ. ಕಾರಣ ಏನು? ಪೇತ್ರ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟ ಮಾಡುತ್ತಿದ್ದವನು, ಕೆಲವರು ಯೆರೂಸಲೇಮಿನಿಂದ ಬಂದ ಕೂಡಲೇ ಅವರಿಗೆ ಹೆದರಿ ಪಂಕ್ತಿ ಬಿಟ್ಟು ಎದ್ದ.

ಇದನ್ನು ನಮ್ಮ ಜಾಗದಲ್ಲಿ ಇಟ್ಟು ನೋಡಿ. ಒಬ್ಬ ಹೆಂಗಸು ಮೀನು ತಿನ್ನುವುದಿಲ್ಲ, ಬೇರೆ ಸೌಟು ಕೇಳುತ್ತಾಳೆ. ಕೊಡಿ. ಇನ್ನೊಬ್ಬರು, ಆ ಕೇರಿಯವರು ಮಾಡಿದ ಅಡುಗೆ ನಮಗೆ ಆಗುವುದಿಲ್ಲ, ಅವರ ಜೊತೆ ಕೂರುವುದಿಲ್ಲ ಅನ್ನುತ್ತಾರೆ. ಮಾತು ಎರಡರದ್ದೂ ಒಂದೇ ತರ ಮೆತ್ತಗೆ ಇರುತ್ತದೆ, ಅಭ್ಯಾಸ ಇಲ್ಲ, ಸಂಕೋಚ ಆಗುತ್ತದೆ ಅಂತ. ಆದರೆ ಮೊದಲನೆಯದು ಊಟದ ವಿಷಯ, ಎರಡನೆಯದು ಮನುಷ್ಯರ ವಿಷಯ. ಬೇರೆ ಸೌಟು ಇಡಬಹುದು. ಬೇರೆ ಪಂಕ್ತಿ ಹಾಕುವ ಹಾಗಿಲ್ಲ. ಜಾತಿಯನ್ನು ಮನಸ್ಸಾಕ್ಷಿ ಅಂತ ಹೇಳಿಕೊಂಡು ಬಂದವರಿಗೆ ನೀವು ದಾರಿ ಬಿಟ್ಟರೆ, ಹೊರಗೆ ಉಳಿಯುವವರು ನಿಜವಾಗಿ ನೊಂದವರು. ಇಲ್ಲಿ ವಾದ ಮಾಡಿ ಅಂತಲೂ ಹೇಳುತ್ತಿಲ್ಲ, ಬರೀ ಒಂದೇ ಪಂಕ್ತಿ ಹಾಕಿ. ಕೂರುವವರು ಕೂರುತ್ತಾರೆ.

ಇನ್ನೊಂದು ಬಗೆ ಇದೆ. ತನ್ನ ಅಳುಕನ್ನೇ ಎಲ್ಲರಿಗೂ ಕಾನೂನು ಮಾಡುವವರು. ಕ್ರಿಸ್ಮಸ್ ನಕ್ಷತ್ರ ಕಟ್ಟಬಾರದು, ಕಟ್ಟಿದವರು ರಕ್ಷಣೆ ಪಡೆದವರೇ ಅಲ್ಲ ಅಂತ ವಾಟ್ಸ್ಯಾಪಿನಲ್ಲಿ ಹಾಕುವವರು. ಪೌಲ ತನ್ನ ಜೊತೆಗಾರ ತಿಮೊಥೆಗೆ ಸುನ್ನತಿ ಮಾಡಿಸಿದ, ಅಲ್ಲಿನ ಯೆಹೂದ್ಯರ ಸಲುವಾಗಿ. ಇನ್ನೊಬ್ಬ ಜೊತೆಗಾರ ತೀತನಿಗೆ ಸುನ್ನತಿ ಆಗಲೇಬೇಕು ಅಂತ ಕೆಲವರು ಹಟ ಹಿಡಿದಾಗ ಒಂದು ಗಳಿಗೆಯೂ ಬಗ್ಗಲಿಲ್ಲ. ಒಂದೇ ಕೆಲಸ, ಎರಡು ಉತ್ತರ. ಪ್ರೀತಿಗಾಗಿ ಬಿಟ್ಟುಕೊಡುವುದು ಬೇರೆ, ಇದಿಲ್ಲದೆ ರಕ್ಷಣೆ ಇಲ್ಲ ಅಂತ ಹೇರಿದಾಗ ಒಪ್ಪುವುದು ಬೇರೆ. ನಕ್ಷತ್ರ ಇಷ್ಟವಿಲ್ಲದವರ ಮನೆಗೆ ಕ್ಯಾರೊಲ್ ಹೋದಾಗ ನಕ್ಷತ್ರ ಒಯ್ಯಬೇಡಿ. ಅವರ ಮಾತಿಗೆ ಹೆದರಿ ನಿಮ್ಮ ಮನೆಯದ್ದನ್ನು ಇಳಿಸಲೂ ಬೇಡಿ.

ಹೆಂಡತಿಗೆ ಹೊಡೆಯುವವನು, ಚೀಟಿ ದುಡ್ಡು ನುಂಗಿದವನು, ಮಕ್ಕಳ ಮೇಲೆ ಕೈ ಹಾಕುವವನು, ಇವರ ವಿಷಯಕ್ಕೆ ಈ ಅಧ್ಯಾಯ ತರಲೇಬೇಡಿ. ತೀರ್ಪು ಮಾಡಬೇಡಿ ಅನ್ನುವ ವಚನ ಮೊದಲು ಓಡಿ ಬಂದು ಹಿಡಿದುಕೊಳ್ಳುವವರು ಅವರೇ.

ಸಂಶಯ ಇರುವವರು

ಇವರು ಮೇಲಿನವರ ಹಾಗಲ್ಲ. ಇವರಿಗೆ ಊಟದ ಅಳುಕಿಲ್ಲ, ದೇವರು ಇದ್ದಾನಾ ಅನ್ನುವುದೇ ಅನುಮಾನ. ಕಾಲೇಜಿಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಬಂದ ಹುಡುಗರು, ಮನೆಯಲ್ಲಿ ಸಾವಾದವರು. ಸಂಶಯಪಡುವವರಿಗೆ ಕರುಣೆ ತೋರಿಸಿ ಅಂತ ಯೂದನ ಪತ್ರದ 22ನೇ ವಚನದಲ್ಲಿದೆ, ಅಷ್ಟೇ ಸಾಕು.

ಯೇಸುವಿನ ಶಿಷ್ಯ ತೋಮನ ಕಥೆಯನ್ನು ನಾವು ಅರ್ಧ ಓದುತ್ತೇವೆ. ಯೇಸು ಬದುಕಿ ಎದ್ದದ್ದನ್ನು ಆತನ ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಅಂತ ಅವನು ಹೇಳಿದ ಎಂಟು ದಿನದ ಮೇಲೆ ಶಿಷ್ಯರೆಲ್ಲ ಒಳಗಿದ್ದರು, ತೋಮನೂ ಅವರ ಜೊತೆ ಇದ್ದ. ಆ ಎಂಟು ದಿನ ಅವನನ್ನು ಯಾರೂ ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ. ಅಂಥ ಹುಡುಗ ನಿಮ್ಮ ಕೂಟಕ್ಕೆ ಬಂದರೆ ಪ್ರಾರ್ಥನೆ ಮಾಡು ಅಂತ ಹೆಸರು ಕರೆಯಬೇಡಿ. ಗಿಟಾರ್ ಬಾರಿಸಲು ಬಂದರೆ ಬಾರಿಸಲಿ, ಕುರ್ಚಿ ಎತ್ತಿಡಲಿ. ಪ್ರಶ್ನೆ ಕೇಳಿದರೆ ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ.

ನಿಮ್ಮ ಅಭಿಪ್ರಾಯ ಎಲ್ಲಿ ಇಡಬೇಕು

ನಿಮಗೂ ಒಂದು ಅಭಿಪ್ರಾಯ ಇರುತ್ತದೆ, ಇರಲಿ. ಪೌಲನಿಗೂ ಇತ್ತು. ಯಾವುದೂ ತಾನಾಗಿ ಅಶುದ್ಧವಲ್ಲ ಅಂತ ರೋಮಾಪುರದವರ ಪತ್ರದ ಅದೇ ಅಧ್ಯಾಯದ 14ನೇ ವಚನದಲ್ಲಿ ಬಾಯಿ ಬಿಟ್ಟು ಹೇಳಿದ್ದಾನೆ, ಬಲವುಳ್ಳವರಾದ ನಾವು ಅಂತ ತನ್ನನ್ನೂ ಆ ಕಡೆಗೇ ಸೇರಿಸಿಕೊಂಡಿದ್ದಾನೆ. ಆದರೂ ಆ ನಂಬಿಕೆಯನ್ನು ನಿನ್ನ ಮತ್ತು ದೇವರ ನಡುವೆ ಇಟ್ಟುಕೋ ಅಂದ. ಅವರಾಗಿ ಕೇಳಿದಾಗ, ಇಬ್ಬರೇ ಇದ್ದಾಗ, ಎರಡು ಮಾತಿನಲ್ಲಿ ಹೇಳಿ. ಮೂರನೆಯ ಮಾತಿಗೆ ನಿಮ್ಮ ದನಿ ಏರಿರುತ್ತದೆ.

ವಾಟ್ಸ್ಯಾಪ್ ಗ್ರೂಪಿನಲ್ಲಿ ಈ ವಿಷಯಗಳು ಬಂದರೆ ಉತ್ತರ ಕೊಡಬೇಡಿ. ಅಡ್ಮಿನ್ ನೀವಾದರೆ ಆ ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡಿ.

ಜಗಳ ಆಗಿಯೇ ಹೋಗಿದ್ದರೆ, ಒಬ್ಬರು ಬರುವುದು ನಿಲ್ಲಿಸಿದ್ದರೆ, ಭಾನುವಾರ ಕಾಯಬೇಡಿ. ವಾರದ ಮಧ್ಯೆ ಸಂಜೆ ಹೊತ್ತು ಹೋಗಿ, ಬೈಬಲ್ ಕೈಯಲ್ಲಿ ಹಿಡಿದು ಹೋಗಬೇಡಿ, ಹೆಂಡತಿಯನ್ನೋ ಗಂಡನನ್ನೋ ಕರೆದುಕೊಂಡು ಹೋಗಿ. ಪಾಸ್ಟರನ್ನು ಮೊದಲ ಸಲವೇ ಕರೆದೊಯ್ದರೆ ಪಂಚಾಯಿತಿ ಆಗಿಬಿಡುತ್ತದೆ. ಚಹಾ ಕೊಟ್ಟರೆ ಕುಡಿಯಿರಿ. ಆವತ್ತಿನ ಮಾತು ನೀವಾಗಿ ಎತ್ತಬೇಡಿ, ಅವರು ಎತ್ತಿದರೆ ಪೂರ್ತಿ ಕೇಳಿ, ನಡುವೆ "ಆದರೆ" ಅನ್ನಬೇಡಿ. ಎದ್ದು ಬರುವಾಗ ಮುಂದಿನ ಕೂಟ ಯಾರ ಮನೆಯಲ್ಲಿ, ಎಷ್ಟು ಗಂಟೆಗೆ, ಊಟಕ್ಕೆ ಏನು ಮಾಡುತ್ತಿದ್ದಾರೆ ಅಂತ ಹೇಳಿ. ಮಳೆಗಾಲವಾದರೆ ಬರಲು ಗಾಡಿ ಬೇಕಾ ಅಂತಲೂ ಕೇಳಿ.